ಅಳಿಯನ ವಿಮಾನ, ಅದರ ಪೆಟ್ರೋಲ್ ಟ್ಯಾಂಕು

"ಮಾಮಾ, ಫೈಬರ್‌ನಾಗ ಕರೆಂಟೇ ಹರಿಯಂಗಿಲ್ಲ. ಮತ್ತ ಕಿಡಿ ಎಲ್ಲಿಂದ ಬರ್ತದ?"

ಪೆಟ್ರೋಲ್ ತುಂಬುವಾಗ ಸ್ಟ್ಯಾಟಿಕ್, ಅಂದರೆ ಉಜ್ಜಾಟದಿಂದ ಹುಟ್ಟುವ ಕರೆಂಟು, ಕಿಡಿ ಹಾರಿಸಿ ಬೆಂಕಿ ಹತ್ತೀತು, ಜೋಕೆ ಅಂದಿದ್ದಕ್ಕೆ ಹೀಗೆ ಕೇಳಿದವನು ನನ್ನ ಅಕ್ಕನ ಮಗ. ಟೆಕ್ಸಾಸ್‌ನಲ್ಲಿದ್ದಾನೆ. ಮನೆಯ ಗ್ಯಾರೇಜಿನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾನೆ. ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಝಿ ಅದು, 1979ರಲ್ಲಿ ಮೊದಲ ಸಲ ಹಾರಿದ್ದು. ಫೋಮ್ ಕೊರೆದು ಆಕಾರ ಮಾಡಬೇಕು. ಅದರ ಮೇಲೆ ಗ್ಲಾಸ್ ಫೈಬರ್ ಬಟ್ಟೆ ಹಾಸಿ ಎಪಾಕ್ಸಿ ಅನ್ನೋ ಗಟ್ಟಿಯಾಗುವ ಅಂಟು ಬಳಿಯಬೇಕು. ಅಚ್ಚು ಬೇಡ, ರಿವೆಟ್ ಬೇಡ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ ಇದೇ ವಿನ್ಯಾಸ ಹಿಡಿದು ಒಂದು ಪುಟ್ಟ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತ್ತು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಗೊತ್ತಿರಬೇಕು.

ನಾನು ಏರ್‌ಫೋರ್ಸ್‌ನಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಕಟ್ಟು ನೋಡಿಕೊಳ್ಳುವವ, ಆಗಿದ್ದೆ. ಈಗ ಬೀದರ್‌ನಲ್ಲೇ ಮನೆ. ನಾನು ಕೈಯಾಡಿಸಿದ ಕಿರಣ್ ತರಬೇತಿ ವಿಮಾನಗಳ ಮೈಯೆಲ್ಲ ಲೋಹ. ಇಂಧನ ತುಂಬುವ ಮುಂಚೆ ವಿಮಾನಕ್ಕೂ ಬೌಸರ್‌ಗೂ (ಇಂಧನದ ಟ್ಯಾಂಕರ್) ನಡುವೆ ಚಾರ್ಜು ಸಮ ಮಾಡುವ ಬಾಂಡಿಂಗ್ ವೈರ್ ಸಿಕ್ಕಿಸಬೇಕು, ಆಮೇಲೇ ಮುಚ್ಚಳಕ್ಕೆ ಕೈ ಹಾಕಬೇಕು. ಆ ಕ್ರಮ ತಪ್ಪಿದರೆ ಸೀನಿಯರ್‌ಗಳು ಸುಮ್ನೆ ಬಿಡುತ್ತಿರಲಿಲ್ಲ. ಲೋಹದ ವಿಮಾನದಲ್ಲಿ ಒಂದು ಕಡೆ ಕ್ಲಿಪ್ ಹಾಕಿದರೆ ಸಾಕು, ಮೂಗಿಂದ ಬಾಲದವರೆಗೆ ಎಲ್ಲ ಒಂದಾಗುತ್ತದೆ. ಅಳಿಯನ ವಿಮಾನದಲ್ಲಿ ಹಾಗಲ್ಲ. ಅಲ್ಲಿ ಕ್ಲಿಪ್ಪನ್ನು ಎಕ್ಸಾಸ್ಟ್ ಪೈಪಿಗೆ ಹಾಕಿದರೆ ಆ ಪೈಪಿಗೆ ಮತ್ತು ಎಂಜಿನ್ನಿಗೆ ಮಾತ್ರ ಲಾಭ. ಟ್ಯಾಂಕಿನ ಮೂತಿಗೂ ಅದಕ್ಕೂ ಸಂಬಂಧವೇ ಇಲ್ಲ.

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ. ತೊಂದರೆ ಶುರುವಾಗೋದೇ ಅಲ್ಲಿಂದ.

ಪೆಟ್ರೋಲ್ ಕೂಡ ಕರೆಂಟನ್ನು ಸರಿಯಾಗಿ ಹರಿಯಗೊಡಲ್ಲ. ಅದು ಪೈಪಿನಲ್ಲಿ, ಅದರಲ್ಲೂ ಫಿಲ್ಟರ್‌ನಲ್ಲಿ, ಉಜ್ಜಿಕೊಂಡು ಹೋಗುವಾಗ ಚಾರ್ಜು ಬೇರ್ಪಡುತ್ತದೆ. ಒಂದು ಪಾಲು ಪೈಪಿನ ಕಡೆ ಉಳಿಯುತ್ತದೆ, ಇನ್ನೊಂದು ಪಾಲು ಪೆಟ್ರೋಲ್ ಜೊತೆ ಟ್ಯಾಂಕಿಗೆ ಬರುತ್ತದೆ. ಟ್ಯಾಂಕು ಲೋಹದ್ದಾದರೆ ಗೋಡೆಯ ಮೂಲಕ ಹರಿದು ಹೋಗುತ್ತದೆ. ಫೈಬರ್ ಟ್ಯಾಂಕಿನಲ್ಲಿ ಹೋಗಲು ದಾರಿ ಇಲ್ಲ, ಅಲ್ಲೇ ಕೂರುತ್ತದೆ. ಲಾಂಗ್-ಈಝಿಯಲ್ಲಿ ರೆಕ್ಕೆಯ ಬುಡದ ಫೈಬರ್ ಪೊಟರೆಯೇ ಟ್ಯಾಂಕು. ಎಡ ಬಲ ಸೇರಿ ಸುಮಾರು 200 ಲೀಟರ್ ಹಿಡಿಯುತ್ತದೆ. ಒಳಗಿನ ಗೋಡೆಯಲ್ಲಿ ಒಂದು ಕಡೆ ಬಣ್ಣ ಹೊಡೆಯದೆ ಬಿಟ್ಟಿರುತ್ತಾರೆ. ಫೈಬರ್ ಮೂಲಕವೇ ಪೆಟ್ರೋಲ್ ಮಟ್ಟ ಕಾಣುತ್ತದೆ. ಎಂಥಾ ಚಂದದ ಯೋಚನೆ ಅಲ್ವಾ!

ಇನ್ನು ಆ ಟ್ಯಾಂಕಿನಲ್ಲಿರುವ ಲೋಹ ನೋಡಿ. ಮೂತಿಯ ಅಲ್ಯೂಮಿನಿಯಂ ರಿಂಗು, ಮುಚ್ಚಳದ ಸರಪಳಿ, ಕೆಳಗಿನ ಡ್ರೈನ್ ವಾಲ್ವು. ಇಷ್ಟೇ. ಒಂದಕ್ಕೊಂದು ಸಂಪರ್ಕವಿಲ್ಲ. ನನ್ನ ಭಯ ಫೈಬರ್ ಬಗ್ಗೆ ಅಲ್ಲ, ಈ ಒಂಟಿ ಲೋಹದ ಬಗ್ಗೆ. ಫೈಬರ್ ಮೇಲಿನ ಚಾರ್ಜು ಹತ್ತು ಜನರ ಕಿಸೆಯಲ್ಲಿ ಹಂಚಿಹೋದ ಚಿಲ್ಲರೆ ಇದ್ದ ಹಾಗೆ, ಒಮ್ಮೆಗೇ ಕೈಗೆ ಸಿಗಲ್ಲ. ಲೋಹದ ಮೇಲಿನದು ಒಬ್ಬನ ಕೈಯಲ್ಲಿರುವ ಗಂಟು. ನಾಜಲ್ ಹತ್ತಿರ ಬಂದ ಕ್ಷಣ ಪೂರ್ತಿ ಒಂದೇ ಸಲಕ್ಕೆ ಜಿಗಿಯುತ್ತದೆ. ಅದೂ ಎಲ್ಲಿ? ಪೆಟ್ರೋಲ್ ಆವಿ ಹೊರಗೆ ಬರುವ ಬಾಯಲ್ಲೇ.

ಲೆಕ್ಕ ಹಾಕಿ ತೋರಿಸಿದೆ, ಯಾಕಂದ್ರೆ ಅವನು ಎಂಜಿನಿಯರು, ಬಾಯಿಮಾತಿಗೆ ಬಗ್ಗುವವನಲ್ಲ. ಪೆಟ್ರೋಲ್ ಆವಿ ಗಾಳಿಯಲ್ಲಿ ಸರಿಯಾಗಿ ಬೆರೆತಿದ್ದರೆ ಹೊತ್ತಿಕೊಳ್ಳಲು ಸುಮಾರು ಕಾಲು ಮಿಲಿಜೌಲ್ ಶಕ್ತಿ ಸಾಕು. ಒಂಟಿ ರಿಂಗಿನ ಕೆಪ್ಯಾಸಿಟೆನ್ಸ್, ಅಂದರೆ ಚಾರ್ಜು ಹಿಡಿದಿಡುವ ಅಳವು, 15 ಪಿಕೋಫ್ಯಾರಡ್ ಅಂತ ಇಟ್ಟುಕೊಳ್ಳಿ, ಚಾರ್ಜು ಏರಿ 10,000 ವೋಲ್ಟ್ ಆಯಿತು ಅನ್ನಿ. ಆಗ ಕಿಡಿಯಲ್ಲಿ 0.75 ಮಿಲಿಜೌಲ್ ಇರುತ್ತದೆ. ಬೇಕಾದ್ದರ ಮೂರು ಪಟ್ಟು. ನಮ್ಮ ಮೈಯದೂ ಇದೇ ಕಥೆ. ಚಿಲಕ ಮುಟ್ಟಿದಾಗ ಚುರ್ ಅಂತ ಗೊತ್ತಾಗಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟ್ ಇರಬೇಕು. ಅಷ್ಟು ಚಾರ್ಜು ಆವಿ ಹೊತ್ತಿಸಲು ಧಾರಾಳ ಸಾಕು. ಬೀದರ್‌ನಲ್ಲಿ ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ತೆಗೆಯುವಾಗ ಚಟಚಟ ಅನ್ನುತ್ತದಲ್ಲ, ಅದೇ ಜಾತಿಯ ಕಿಡಿ ಇದು.

ಇನ್ನೊಂದು ಮಾತು. ವಿಮಾನದ ಸೀಮೆಎಣ್ಣೆ ಜಾತಿಯ ಇಂಧನ 38 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಿಸಿಯಾದಾಗ ಮಾತ್ರ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಬಿಡುತ್ತದೆ. ಅಳಿಯನದು ಪೆಟ್ರೋಲ್ ಎಂಜಿನ್.

ಪರಿಹಾರ ಸುಲಭ, ಖರ್ಚೂ ಇಲ್ಲ. ಆದರೆ ಟ್ಯಾಂಕು ಮುಚ್ಚುವ ಮುಂಚೆ ಮಾಡಬೇಕು. ಮೂತಿಯ ರಿಂಗಿನಿಂದ ಟ್ಯಾಂಕಿನ ತಳದ ಡ್ರೈನ್ ವಾಲ್ವಿನವರೆಗೆ ಒಂದು ವೈರ್ ಎಳೆಯಬೇಕು. ಡ್ರೈನ್ ಯಾಕೆ ಅಂದರೆ ಅದು ಸದಾ ಪೆಟ್ರೋಲ್‌ನಲ್ಲಿ ಮುಳುಗಿರುತ್ತದೆ, ಪೆಟ್ರೋಲ್‌ನ ಚಾರ್ಜಿಗೂ ಇಳಿಯಲು ದಾರಿ ಸಿಗುತ್ತದೆ. ಹೊರಗಿನಿಂದಲೂ ಕ್ಲಿಪ್ ಹಾಕಬಹುದು. ಅಲ್ಲಿಂದ ಎಂಜಿನ್ನಿಗೆ ಇನ್ನೊಂದು ವೈರ್. ದಪ್ಪ ಕೇಬಲ್ ಬೇಕಾಗಿಲ್ಲ. ಸ್ಟ್ಯಾಟಿಕ್‌ನ ಕರೆಂಟು ಮೈಕ್ರೋಆಂಪ್ ಲೆಕ್ಕದ್ದು, ದಾರಿಯಲ್ಲಿ 10 ಲಕ್ಷ ಓಮ್ ಇದ್ದರೂ ಹರಿದು ಹೋಗುತ್ತದೆ. ಆದರೂ ಲೋಹದಿಂದ ಲೋಹಕ್ಕೆ 10 ಓಮ್ ದಾಟಿದರೆ ಎಲ್ಲೋ ಜೋಡಣೆ ಸಡಿಲ ಇದೆ ಅಂತಲೇ ಅರ್ಥ. ವಿಡಿಯೋ ಕಾಲ್‌ನಲ್ಲಿ ಮಲ್ಟಿಮೀಟರ್ ಹಿಡಿಸಿದೆ. ಮೊದಲು ಸ್ಕ್ರೀನ್ ಮೇಲೆ ಓ.ಎಲ್. ಅಂತ ಬಂತು, ಅಂದರೆ ಸಂಪರ್ಕವೇ ಇಲ್ಲ. ರಿಂಗಿನ ಮೇಲೆ ಎಪಾಕ್ಸಿಯ ತೆಳು ಪದರ ಹತ್ತಿತ್ತು. ಸ್ಯಾಂಡ್ ಪೇಪರ್‌ನಿಂದ ಹೊಳೆಯುವಂತೆ ಉಜ್ಜಿ ಸ್ಕ್ರೂ ಬಿಗಿದ ಮೇಲೆ ಒಂದು ಓಮ್‌ಗಿಂತ ಕೆಳಗೆ ಇಳಿಯಿತು. "ಮಾಮಾ, ಬಂತು ನೋಡು!" ಅಂದ. ನನಗೂ ಸಮಾಧಾನ ಆಯಿತು.

ತುಂಬುವಾಗಿನ ಕ್ರಮವನ್ನೂ ಬರೆಸಿದ್ದೇನೆ. ಮೊದಲು ವೈರ್, ಆಮೇಲೆ ಮುಚ್ಚಳ. ನಾಜಲ್ ರಿಂಗಿಗೆ ತಾಗಿಸಿಯೇ ಹಿಡಿಯಬೇಕು, ಮುಗಿಯುವವರೆಗೂ ಎತ್ತಬಾರದು. ಶುರುವಿನಲ್ಲಿ ನಿಧಾನ, ಪೆಟ್ರೋಲ್ ಸಿಡಿಯಬಾರದು. ಪ್ಲಾಸ್ಟಿಕ್ ಲಾಳಿಕೆ ಬೇಡವೇ ಬೇಡ. ನೆಲದ ಅರ್ಥಿಂಗ್‌ಗಿಂತ ನಾಜಲ್ಲಿಗೂ ಮೂತಿಗೂ ನಡುವಿನ ಸಂಪರ್ಕ ಮುಖ್ಯ. ಇಲ್ಲಿ ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಎಷ್ಟು ಒಣಗುತ್ತದೆ ಅಂದರೆ ಮನೆಯ ಅರ್ಥಿಂಗ್ ಗುಂಡಿಗೂ ನೀರು ಹಾಕಬೇಕು. ಅಂಥ ನೆಲವನ್ನು ನಂಬಿ ಕೂರಬಾರದು.

ಇದನ್ನು ಓದುವ ನಮ್ಮ ಊರಿನವರಿಗೂ ಒಂದು ಮಾತು. ಔಷಧಿ ಹೊಡೆಯುವ ಪಂಪಿಗೆ ಅಂತ ಬೈಕ್ ಸೀಟಿನ ಮೇಲೆ ಪ್ಲಾಸ್ಟಿಕ್ ಕ್ಯಾನ್ ಇಟ್ಟುಕೊಂಡೇ ಪೆಟ್ರೋಲ್ ತುಂಬಿಸಿಕೊಳ್ಳುವವರನ್ನು ದಿನಾ ನೋಡುತ್ತೇನೆ. ದಯವಿಟ್ಟು ಮಾಡಬೇಡಿ. ಲೋಹದ ಕ್ಯಾನ್ ತನ್ನಿ, ಕೆಳಗೆ ನೆಲದ ಮೇಲಿಡಿ, ನಾಜಲ್ ಬಾಯಿಗೆ ತಾಗಿಸಿ ತುಂಬಿಸಿ.

ಅಳಿಯ ಇನ್ನೊಂದು ಪ್ರಶ್ನೆ ಎತ್ತಿದ್ದ. ಎಥೆನಾಲ್ ಬೆರೆಸಿದ ಪೆಟ್ರೋಲ್‌ನಲ್ಲಿ ಚಾರ್ಜು ಬೇಗ ಇಳಿಯುತ್ತದೆ, ಅದನ್ನೇ ಹಾಕಿದರೆ ಹೇಗೆ ಅಂತ. ಚಾರ್ಜಿನ ಮಾತು ನಿಜ. ಆದರೆ ಎಥೆನಾಲ್ ಕೆಲವು ಎಪಾಕ್ಸಿಗಳನ್ನು ಮೆತ್ತಗೆ ಮಾಡುತ್ತದೆ. ಟ್ಯಾಂಕಿನ ಗೋಡೆಯೇ ಎಪಾಕ್ಸಿ ಆಗಿರುವಾಗ ಮೆತ್ತಗಾದ ಚೂರು ಫಿಲ್ಟರ್‌ಗೆ ಬಂದು ಕೂತರೆ ಎಂಜಿನ್ ಆಕಾಶದಲ್ಲೇ ನಿಲ್ಲಬಹುದು. ಎಥೆನಾಲ್ ಇಲ್ಲದ ವಿಮಾನದ ಪೆಟ್ರೋಲನ್ನೇ ಹಾಕು, ದುಬಾರಿಯಾದರೂ ಪರವಾಗಿಲ್ಲ ಅಂದೆ. ಒಪ್ಪಿದ್ದಾನೆ.

ಎಡಗಡೆ ಟ್ಯಾಂಕಿನ ಕೆಲಸ ಆಯಿತು. ಬಲಗಡೆಯದನ್ನು ಮುಚ್ಚುವ ಮುಂಚೆ ಫೋಟೋ ಕಳಿಸುತ್ತಾನೆ. ವೈರಿನ ಎರಡೂ ತುದಿ ಕಾಣುವ ಹಾಗೆ ತೆಗಿ ಅಂತ ಹೇಳಿದ್ದೇನೆ.