ವೈಫೈ ನಿಧಾನವಾದ ಮೂಲೆಯಲ್ಲೇ ಭದ್ರತೆಯ ಬಿರುಕು

ಮುಂಬಯಿಯ ಅಂಧೇರಿ ಪೂರ್ವದಲ್ಲಿರುವ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ವೈಫೈ ನಿಧಾನ ಎಂಬ ದೂರನ್ನು ಒಂದು ಕಡೆ, ಭದ್ರತೆಯ ವಿಷಯವನ್ನು ಇನ್ನೊಂದು ಕಡೆ ಇಟ್ಟು ನೋಡುವ ರೂಢಿ ನಮ್ಮಲ್ಲೂ ಇತ್ತು. ಅಕೌಂಟ್ಸ್ ವಿಭಾಗದ ಒಂದು ಪ್ರಕರಣದ ನಂತರ ಆ ವಿಂಗಡಣೆಯನ್ನು ಕೈಬಿಟ್ಟೆವು.

ಆ ವಿಭಾಗದ ಕೆಲವು ಲ್ಯಾಪ್‌ಟಾಪ್‌ಗಳಿಗೆ ಆಗಾಗ ಸರ್ವರೂ ಸಿಗುತ್ತಿರಲಿಲ್ಲ, ಇಂಟರ್ನೆಟ್ಟೂ ಸಿಗುತ್ತಿರಲಿಲ್ಲ. ನಮ್ಮ ಕಚೇರಿಯ ಐಪಿ ವಿಳಾಸಗಳು 10ರಿಂದ ಆರಂಭವಾಗುತ್ತವೆ. ಆ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ 192.168.0 ಎಂದು ಶುರುವಾಗುವ ವಿಳಾಸಗಳು ಕಾಣಿಸಿದವು. ಯಾವುದೋ ಬೇರೆ ಪೆಟ್ಟಿಗೆ ವಿಳಾಸ ಹಂಚುತ್ತಿದೆ ಎಂಬುದಕ್ಕೆ ಅಷ್ಟು ಸಾಕು. ನೆಟ್‌ವರ್ಕ್ ಕೇಬಲ್‌ಗಳು ಬಂದು ಸೇರುವ ಸ್ವಿಚ್ಚಿನಲ್ಲಿ ಅದರ ಮ್ಯಾಕ್ ವಿಳಾಸದ (ಪ್ರತಿ ಉಪಕರಣದ ಗುರುತು ಸಂಖ್ಯೆ) ಜಾಡು ಹಿಡಿದು ಹೋದಾಗ, ಕಬ್ಬಿಣದ ಕಪಾಟಿನ ಹಿಂದೆ ಲ್ಯಾಮಿಂಗ್ಟನ್ ರೋಡಿನಿಂದ ತಂದ ಒಂದು ಸಣ್ಣ ರೌಟರ್ ಸಿಕ್ಕಿತು. ಅದರ ಪಾಸ್‌ವರ್ಡ್ ಅಡಿಯ ಚೀಟಿಯಲ್ಲಿ ಅಚ್ಚಾಗಿ ಬಂದದ್ದೇ ಆಗಿತ್ತು; ಪಾಸ್‌ವರ್ಡಿನ ಬದಲು ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈಗೆ ಸೇರುವ ಡಬ್ಲ್ಯುಪಿಎಸ್ ಸೌಲಭ್ಯ ಕೂಡ ಚಾಲೂ ಇತ್ತು. ಆ ಎಂಟಂಕಿಯ ಪಿನ್ ಪದ್ಧತಿಯ ದೋಷ 2011ರಲ್ಲೇ ಬಯಲಾಗಿದೆ. ಕಟ್ಟಡದ ಮೆಟ್ಟಿಲ ಮೇಲೆ ಕುಳಿತವರಿಗೂ ನಮ್ಮ ಒಳಜಾಲ ತೆರೆದಂತೆಯೇ ಇತ್ತು.

ತಂದಿಟ್ಟ ಹಿರಿಯರು ದಕ್ಷಿಣ ಕನ್ನಡದವರು. ಅವರು ಏನನ್ನೂ ಮುಚ್ಚಿಡಲಿಲ್ಲ. "ನಿಮ್ಮ ವೈಫೈ ಈ ಮೂಲೆಗೆ ಬರುವುದೇ ಇಲ್ಲ ಮಾರಾಯ್ರೇ, 20ನೇ ತಾರೀಕಿಗೆ ಜಿಎಸ್‌ಟಿ ರಿಟರ್ನ್ ತುಂಬಬೇಕು, ನಾವು ಏನು ಮಾಡುವುದು?" ಎಂದರು. ರೌಟರನ್ನು ಕಿತ್ತುಕೊಂಡು ಒಂದು ಸುತ್ತೋಲೆ ಹೊರಡಿಸುವುದು ಸುಲಭವಿತ್ತು; ಆದರೆ ಮರುದಿನದಿಂದ ಅವರೆಲ್ಲ ಮೊಬೈಲ್ ಹಾಟ್‌ಸ್ಪಾಟಿಗೆ ಹೋಗುತ್ತಿದ್ದರು, ಅದು ನಮ್ಮ ಫೈರ್‌ವಾಲಿನ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಮೊದಲು ಮೂಲೆಯನ್ನು ಸರಿಪಡಿಸಿದೆವು, ಆಮೇಲೆ ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಕಾವಲು ಹಾಕಿ ಇಂಥ ಪೆಟ್ಟಿಗೆಗಳು ವಿಳಾಸ ಹಂಚದಂತೆ ತಡೆದೆವು.

ಸರಿಪಡಿಸುವುದೆಂದರೆ ಇನ್ನಷ್ಟು ಆಕ್ಸೆಸ್ ಪಾಯಿಂಟ್ (ವೈಫೈ ಬಿತ್ತರಿಸುವ ಪೆಟ್ಟಿಗೆ) ತೂಗುಹಾಕುವುದು ಎಂದು ಮ್ಯಾನೇಜ್‌ಮೆಂಟ್ ಭಾವಿಸಿತ್ತು. ಒಂದು ಗಾಲಾಕ್ಕೆ (ಎಸ್ಟೇಟಿನ ಮಳಿಗೆ) ಇನ್ನೊಂದು ಗಾಲಾ ಅಂಟಿಕೊಂಡಿರುವ ಇಲ್ಲಿ, ವೈಫೈನ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ, ಅವನ್ನು ಅಕ್ಕಪಕ್ಕದವರು ಆಗಲೇ ತುಂಬಿಸಿಟ್ಟಿದ್ದಾರೆ. ಅಲ್ಲಿ ಪೆಟ್ಟಿಗೆ ಹೆಚ್ಚಿಸಿದಷ್ಟೂ ಗದ್ದಲವೇ ಹೆಚ್ಚುತ್ತದೆ. ನಾವು ಹಲವು ಆಕ್ಸೆಸ್ ಪಾಯಿಂಟ್‌ಗಳಲ್ಲಿ 2.4 ಅನ್ನು ಬಂದ್ ಮಾಡಿ, ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ತಂದೆವು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಈ 5 ಗಿಗಾಹರ್ಟ್ಸ್ ತರಂಗಪಟ್ಟಿಯ ಹೆಚ್ಚಿನ ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಅಲ್ಲಿ ಜಾಗ ಸಾಕಷ್ಟಿದೆ. ಕಾಗದದ ಮೇಲಿನ ವೇಗ ನೋಡಿ ಚಾನೆಲ್‌ಗೆ 80 ಮೆಗಾಹರ್ಟ್ಸ್ ಅಗಲ ಇಡುವ ಆಸೆಯನ್ನು ಬಿಟ್ಟು, ಚಾನೆಲ್‌ಗಳು ಒಂದರ ಮೇಲೊಂದು ಬೀಳದಂತೆ 20ಕ್ಕೆ ನಿಲ್ಲಿಸಿದೆವು.

ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಎಸ್‌ಎಸ್‌ಐಡಿಗಳ, ಅಂದರೆ ವೈಫೈ ಹೆಸರುಗಳ, ಸಂಖ್ಯೆ. ಪ್ರತಿಯೊಂದು ಹೆಸರೂ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ತಾನಿದ್ದೇನೆ ಎಂದು ಸಾರುವ ಬೀಕನ್ ಸಂಕೇತ ಕಳಿಸುತ್ತದೆ, ಅದೂ ಅನುಮತಿಸಿದ ಅತಿ ಕಡಿಮೆ ವೇಗದಲ್ಲಿ. ಹಳೆಯ 1 ಎಂಬಿಪಿಎಸ್ ವೇಗ ಉಳಿದಿದ್ದರೆ, ಯಾರೂ ಕೆಲಸ ಮಾಡದಿದ್ದರೂ ಗಾಳಿಯ ಸಮಯದ ಒಂದು ಪಾಲು ಖರ್ಚಾಗುತ್ತಿರುತ್ತದೆ. ವಿಭಾಗಕ್ಕೊಂದರಂತೆ ಇದ್ದ ಹೆಸರುಗಳನ್ನು ಸಿಬ್ಬಂದಿ, ಉಪಕರಣ, ಅತಿಥಿ ಎಂದು ಮೂರಕ್ಕೆ ಇಳಿಸಿ, ಹಳೆಯ ವೇಗಗಳನ್ನು ತೆಗೆದುಹಾಕಿದೆವು.

ಸಿಬ್ಬಂದಿಗೆಲ್ಲ ವೈಫೈ ಹೆಸರು ಒಂದೇ ಆದರೂ, ಪ್ರತಿಯೊಬ್ಬರೂ ತಮ್ಮದೇ ಖಾತೆಯಿಂದ ಒಳಬರುವ 802.1ಎಕ್ಸ್ ಪದ್ಧತಿ ಇದ್ದರೆ ಬಳಕೆದಾರನನ್ನು ಗುರುತಿಸಿ ಅವನ ವಿಭಾಗದ ವಿಎಲ್‌ಎಎನ್‌ಗೆ (ಒಂದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲ) ಕಳಿಸಬಹುದು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದಾಗ ಕೆಲಸ ಬಿಟ್ಟವರೂ ಅದನ್ನು ಜೊತೆಗೆ ಒಯ್ಯುತ್ತಾರೆ. ಈಗ ಖಾತೆ ಮುಚ್ಚಿದರೆ ಸಾಕು. ಎಸ್‌ಎಸ್‌ಐಡಿ ಬಚ್ಚಿಡುವುದು, ಅನುಮತಿಸಿದ ಮ್ಯಾಕ್ ವಿಳಾಸಗಳ ಪಟ್ಟಿ ಇಡುವುದು ಇವೆರಡರಿಂದ ಭದ್ರತೆ ಬರುವುದಿಲ್ಲವೆಂದು ನಾನು ಎಷ್ಟು ಹೇಳಿದರೂ ಆಡಿಟ್‌ನವರು ಮಾತ್ರ ಪ್ರತಿ ಸಲ ಕೇಳುತ್ತಾರೆ. ಅವರು ಕೇಳಬೇಕಾದದ್ದು ಜಾಲದಲ್ಲಿ ನಡೆದದ್ದನ್ನು ದಾಖಲಿಸುವ ಲಾಗ್‌ಗಳನ್ನು: 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ ಅವನ್ನು 180 ದಿನ ಇಡಬೇಕು.

ಗೋಡೌನಿನ ಬಾರ್‌ಕೋಡ್ ಸ್ಕ್ಯಾನರುಗಳಿಗೆ ಇದಾವುದೂ ಗೊತ್ತಿಲ್ಲ. ಅವು 2.4 ಗಿಗಾಹರ್ಟ್ಸ್ ಮತ್ತು ಎಲ್ಲಕ್ಕೂ ಒಂದೇ ಆದ ಡಬ್ಲ್ಯುಪಿಎ2 ಪಾಸ್‌ವರ್ಡನ್ನಷ್ಟೇ ಬಲ್ಲವು. ಆದ್ದರಿಂದ ಅವಕ್ಕೆ ಸ್ಟಾಕ್ ಸರ್ವರಿನ ಹೊರತು ಬೇರೆಲ್ಲೂ ದಾರಿ ಇಲ್ಲದ ವಿಎಲ್‌ಎಎನ್ ಕೊಟ್ಟಿದ್ದೇವೆ, ಗೋಡೌನಿನಿಂದ ಯಾರಾದರೂ ಕೆಲಸ ಬಿಟ್ಟಾಗಲೆಲ್ಲ ಆ ಪಾಸ್‌ವರ್ಡ್ ಬದಲಿಸುತ್ತೇವೆ. ಹೊಸ ಸ್ಕ್ಯಾನರುಗಳ ಕೊಟೇಶನ್ ಪರ್ಚೇಸ್ ವಿಭಾಗದಲ್ಲಿದೆ.