ಕೆಂಪು ಹದಕ್ಕೆ ಬಂತು, ಬಿಲ್ಲು ಬರಲಿಲ್ಲ

ಇವತ್ತು ಬೆಳಿಗ್ಗೆಯಿಂದ ಬ್ಯಾಡಗಿ ಮೆಣಸಿನಕಾಯಿ ಜೊತೆ ಗುದ್ದಾಟ. ಹುಬ್ಬಳ್ಳಿಯ ಒಂದು ಮಸಾಲೆ ಪ್ಯಾಕೆಟ್‌ಗೆ ಫೋಟೋ ತೆಗೆಯುವ ಕೆಲಸ. ಈ ಕಾಯಿಗೆ ಹೆಸರು ಬಂದದ್ದೇ ಬಣ್ಣದಿಂದ, ಖಾರ ಕಡಿಮೆ. ಆದರೆ ಆ ಬಣ್ಣವೇ ಕ್ಯಾಮೆರಾಗೆ ಖಾರ! ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಸರಿ ಇದೆ ಅನ್ನಿಸಿದರೂ ರೆಡ್ ಚಾನೆಲ್ (ಫೋಟೋದ ಕೆಂಪು ಬಣ್ಣದ ಪಾಲು) ಮಾತ್ರ ತುಂಬಿ ಚೆಲ್ಲಿರುತ್ತದೆ. ಮೆಣಸಿನಕಾಯಿ ಹೋಗಿ ಕೆಂಪು ಪ್ಲಾಸ್ಟಿಕ್ ತುಂಡು ಕಾಣುತ್ತದೆ. ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್ (ಬೆಳಕು ಅಳೆಯುವ ಹಂತ) ಇಳಿಸಿ, ಲೈಟನ್ನು ಪಕ್ಕಕ್ಕೆ ಸರಿಸಿದೆ. ಆಗ ನೋಡಿ, ಸಿಪ್ಪೆಯ ಸುಕ್ಕು ಒಂದೊಂದೂ ಎದ್ದು ಬಂತು. ಅಷ್ಟರಲ್ಲಿ ಘಾಟಿಗೆ ಸೀನು. ಹತ್ತು ನಿಮಿಷ ಶೂಟಿಂಗ್ ಬಂದ್.

ಮಾಲೀಕರು ನೋಡಿ "ಭಾಳ ಛಲೋ ಬಂದದ ಬಿಡ್ರಿ" ಅಂದರು. ಹಿಂದೆಯೇ "ನಮ್ಮ ಹುಡುಗ ಮೊಬೈಲ್‌ನಾಗ ತೆಗೀತೀನಿ ಅಂದಿದ್ದ" ಅಂತ ರೇಟು ಇಳಿಸಲು ಶುರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ದೀಪಾವಳಿಗೆ ಮಾಡಿಕೊಟ್ಟ ಸೀರೆ ಕ್ಯಾಟಲಾಗ್ ದುಡ್ಡು ಇನ್ನೂ "ಮುಂದಿನ ವಾರ"ದಲ್ಲೇ ಇದೆ. ಆಷಾಢದಲ್ಲಿ ಮದುವೆ ಆರ್ಡರ್ ಇರಲ್ಲ, ಲೆನ್ಸ್ ಕಂತು ಮಾತ್ರ ಇರುತ್ತದೆ.

ಆದರೂ ಆ ಸುಕ್ಕಿನ ಮೇಲೆ ಬೆಳಕು ಬಿದ್ದಾಗ ರೇಟಿನ ಮಾತೇ ನೆನಪಿರಲಿಲ್ಲ. ನನ್ನ ವ್ಯಾಪಾರ ಹಾಳಾಗುವುದು ಇಲ್ಲೇ ಅಲ್ವಾ?

ಈಗ ಊಟಕ್ಕೆ ಕೂತಿದ್ದೇನೆ. ಮೂರು ಸಲ ತೊಳೆದರೂ ಕೈಯಿಂದ ಘಾಟು ಹೋಗಿಲ್ಲ.