ಅವ್ವನೊಡನೆ ಮುಳ್ಳಯ್ಯನಗಿರಿ

ಗದಗಿನ ಎರೆಹೊಲದಲ್ಲಿ ಬದುಕು ಸವೆಸಿದ ಅವ್ವ ಇಂದು ನನ್ನೊಡನೆ ಸರ್ಪದಾರಿಯಿಂದ ಹತ್ತಿ, 1,930 ಮೀಟರ್ ಎತ್ತರದ, ಕರ್ನಾಟಕದಲ್ಲೇ ಅತಿ ಎತ್ತರವಾದ ಮುಳ್ಳಯ್ಯನಗಿರಿಯ ತುದಿ ಮುಟ್ಟಿದಳು. ಬೀಸುಗಾಳಿಗೆ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ದಣಿವಾದಾಗಲೆಲ್ಲ ಹುಲ್ಲಿನ ನಡುವಿನ ಗಿಡವೊಂದರ ಎಲೆಯನ್ನು ಹೊಸಕಿ ಮೂಸಿ, ಔಷಧಿ ಸಸ್ಯಗಳಿಗೆ ಹೆಸರಾದ ನಮ್ಮ ಕಪ್ಪತಗುಡ್ಡದ ಗಿಡಗಳನ್ನು ನೆನೆಯುತ್ತಿದ್ದಳು. ಗುಡಿಯಲ್ಲಿ ಕೈಮುಗಿದು, ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಉಂಡೆವು. ಜಾತ್ರೆ, ಮದುವೆಗಳಿಗಲ್ಲದೆ ಊರು ಬಿಡದ ನಮ್ಮ ಕಡೆಯ ತಾಯಂದಿರಿಗೆ ತಿರುಗಾಡುವ ಆಸೆಯೇ ಇಲ್ಲವೆಂದು ನಾವು ಮಕ್ಕಳು ಎಷ್ಟು ಸುಲಭವಾಗಿ ತಿಳಿದುಬಿಡುತ್ತೇವೆ, ಒಮ್ಮೆಯಾದರೂ ಕೇಳುವುದಿಲ್ಲ. ಇಳಿಯುವ ಮೊದಲು ಬಾಬಾಬುಡನ್‌ಗಿರಿಯ ಸಾಲನ್ನು ತೋರಿಸಿ ಅವ್ವನೇ ಕೇಳಿದಳು: ‘ಅಲ್ಲಿಗೆ ಯಾವಾಗ ಹೋಗೂಣು?’